ನಿಮ್ಮ ವಾಚಿಗೆ ನೆಲ ಕಾಣಿಸಲ್ಲ: ಆಕಾಶದಿಂದ ಹಾರುವ ಮುಂಚೆ ಕೇಳಬೇಕಾದ ಒಂದು ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಒಂದು ಸಲ ನಿಮ್ಮ ಕೈಗಡಿಯಾರ ನೋಡ್ಕೊಳ್ಳಿ. ಇವತ್ತಿನ ಕಥೆ ಅಲ್ಲಿಂದಲೇ ಶುರು.

ಕಳೆದ ವಾರ ಒಬ್ಬ ಕೇಳುಗ ಮೆಸೇಜ್ ಕಳಿಸಿದ್ದ. "ಅಣ್ಣಾ, ಸ್ಕೈಡೈವಿಂಗ್ ಕೋರ್ಸಿಗೆ ಸೇರ್ತಾ ಇದೀನಿ. ಟ್ರೆಕ್ಕಿಂಗಿಗೆ ಅಂತ ತಗೊಂಡ ವಾಚಲ್ಲಿ ಆಲ್ಟಿಮೀಟರ್ ಇದೆ. ಅದೇ ಸಾಕಾ, ಇಲ್ಲಾ ಬೇರೆ ತಗೋಬೇಕಾ?"

ಒಂದೇ ಮಾತಿನ ಉತ್ತರ ಬೇಕಂದ್ರೆ: ಸಾಕಾಗಲ್ಲ ತಮ್ಮಾ. ಆದ್ರೆ ಯಾಕೆ ಸಾಕಾಗಲ್ಲ ಅನ್ನೋದು ಒಂದೇ ಮಾತಲ್ಲಿ ಮುಗಿಯಲ್ಲ. ಅದಕ್ಕೆ 1648ನೇ ಇಸವಿಗೆ, ಫ್ರಾನ್ಸಿನ ಒಂದು ಬೆಟ್ಟಕ್ಕೆ ಹೋಗಬೇಕು.

ಹೊರಡೋ ಮುಂಚೆ ಒಂದು ಲೆಕ್ಕ ತಲೆಯಲ್ಲಿ ಇಟ್ಕೊಳ್ಳಿ. ಸ್ಕೈಡೈವರ್ ಸುಮಾರು 13,000 ಅಡಿ ಎತ್ತರದಲ್ಲಿ ವಿಮಾನದಿಂದ ಹೊರಬೀಳ್ತಾನೆ. ಮೊದಲ ಸಾವಿರ ಅಡಿ ಬೀಳೋಕೆ ಹತ್ತು ಸೆಕೆಂಡ್. ಆಮೇಲೆ ವೇಗ ಗಂಟೆಗೆ ಹೆಚ್ಚುಕಡಿಮೆ 190 ಕಿಲೋಮೀಟರ್ ಮುಟ್ಟಿ ಅಲ್ಲೇ ನಿಲ್ಲುತ್ತೆ. ಅಲ್ಲಿಂದ ಪ್ರತಿ ಸಾವಿರ ಅಡಿಗೆ ಐದೂವರೆ, ಆರು ಸೆಕೆಂಡ್ ಅಷ್ಟೇ. 3,000 ಅಡಿಗೆ ಬರೋ ಹೊತ್ತಿಗೆ ಒಂದು ನಿಮಿಷ ಮುಗಿದಿರುತ್ತೆ. ಅಲ್ಲಿ ಪ್ಯಾರಾಚೂಟ್ ತೆರೆಯದಿದ್ರೆ ನೆಲಕ್ಕೆ ಉಳಿದಿರೋದು ಹದಿನೇಳು ಸೆಕೆಂಡ್. ನಾನು ಈ ವಾಕ್ಯಗಳನ್ನು ಹೇಳೋಕೆ ತಗೊಂಡಿದ್ದು ಅದಕ್ಕಿಂತ ಜಾಸ್ತಿ.

ಆ ಒಂದು ನಿಮಿಷದಲ್ಲಿ ನೆಲ ಹತ್ತಿರ ಬರ್ತಾ ಇದೆ ಅಂತ ಕಣ್ಣಿಗೆ ಅನ್ನಿಸೋದೇ ಇಲ್ಲ. ಮೇಲಿಂದ ನೋಡಿದ್ರೆ ಹೊಲ, ಕೆರೆ, ರಸ್ತೆ ಎಲ್ಲ ಒಂದು ನಕ್ಷೆ ಥರ ಕೆಳಗೆ ಬಿದ್ದಿರುತ್ತೆ. ಆ ನಕ್ಷೆ ದೊಡ್ಡದಾಗ್ತಾ ಇದೆ ಅಂತ ಅರಿವಾಗೋ ಹೊತ್ತಿಗೆ ತಡವಾಗಿರುತ್ತೆ. ಹಾಗಾಗಿ ಆಲ್ಟಿಮೀಟರ್ ಬೇಕು.

ಬೆಟ್ಟದ ಮೇಲೊಂದು ಕೊಳವೆ, ಕೆಳಗೊಂದು ಕೊಳವೆ

1644ರಲ್ಲಿ ಇಟಲಿಯ ಟೊರಿಚೆಲ್ಲಿ ಒಂದು ವಿಚಿತ್ರ ಪ್ರಯೋಗದ ಬಗ್ಗೆ ಪತ್ರ ಬರೆದ. ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ್ದೇ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ರೆ ಪಾದರಸ ಪೂರ್ತಿ ಇಳಿಯೋದಿಲ್ಲ. ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತುಬಿಡುತ್ತೆ. ಅದನ್ನ ಹಿಡಿದು ನಿಲ್ಲಿಸಿರೋದು ಏನು? ಹೊರಗಿನ ಗಾಳಿಯ ಭಾರ ಅಂದ ಟೊರಿಚೆಲ್ಲಿ. ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿ ಬದುಕ್ತಾ ಇದ್ದೀವಿ ಅನ್ನೋದು ಅವನ ವಾದ.

ಫ್ರಾನ್ಸಿನ ಬ್ಲೇಸ್ ಪಾಸ್ಕಲ್‌ಗೆ ಒಂದು ಯೋಚನೆ ಬಂತು. ಇದು ನಿಜವಾಗಿ ಗಾಳಿಯ ಭಾರವೇ ಆಗಿದ್ರೆ, ಬೆಟ್ಟ ಹತ್ತಿದ ಹಾಗೆ ಮೇಲಿನ ಗಾಳಿ ಕಡಿಮೆ ಆಗುತ್ತೆ, ಪಾದರಸ ಇಳಿಯಲೇಬೇಕು. ಆದ್ರೆ ಪಾಸ್ಕಲ್ ಇದ್ದಿದ್ದು ಪ್ಯಾರಿಸ್ಸಿನಲ್ಲಿ, ಆರೋಗ್ಯ ನೆಟ್ಟಗಿರಲಿಲ್ಲ. ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಇದ್ದಿದ್ದು ಕ್ಲರ್ಮಾಂಟ್ ಊರಲ್ಲಿ, ಪಕ್ಕದಲ್ಲೇ ಪ್ವೀ ದ ಡೋಮ್ ಅನ್ನೋ ಬೆಟ್ಟ. "ಭಾವಾ, ನೀವೇ ಹತ್ತಿ ನೋಡಿ" ಅನ್ನೋ ಧಾಟಿಯಲ್ಲಿ ಪಾಸ್ಕಲ್ ಕಾಗದ ಬರೆದ.

1648ರ ಸೆಪ್ಟೆಂಬರ್ 19. ಪೆರಿಯೆ ಎರಡು ಕೊಳವೆ ತಯಾರು ಮಾಡಿಕೊಂಡ. ಊರಿನ ತಗ್ಗಿನಲ್ಲಿದ್ದ ಮಠದ ತೋಟದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದ. ಎರಡೂ ಒಂದೇ ಎತ್ತರ. ಆಮೇಲೆ ಅವನು ಮಾಡಿದ ಕೆಲಸವನ್ನ ಗಮನಿಸಿ. ಒಂದು ಕೊಳವೆಯನ್ನ ಅಲ್ಲೇ ಬಿಟ್ಟು, ಒಬ್ಬ ಸನ್ಯಾಸಿಯನ್ನ ಕೂರಿಸಿ, "ಸಂಜೆವರೆಗೂ ಇದನ್ನ ನೋಡ್ತಾ ಇರಿ, ಬದಲಾಗುತ್ತಾ ಹೇಳಿ" ಅಂತ ಒಪ್ಪಿಸಿದ. ಇನ್ನೊಂದನ್ನ ಹೊತ್ತುಕೊಂಡು ಜೊತೆಗಾರರ ಸಮೇತ ಬೆಟ್ಟ ಹತ್ತಿದ.

ತುದಿ ಸುಮಾರು ಸಾವಿರ ಮೀಟರ್ ಮೇಲೆ. ಅಲ್ಲಿ ಪಾದರಸ ಎಂಟು ಸೆಂಟಿಮೀಟರಿಗಿಂತ ಜಾಸ್ತಿ ಇಳಿದಿತ್ತು. ನಂಬೋಕೆ ಆಗದೆ ಜಾಗ ಬದಲಿಸಿ ಐದು ಸಲ ಅಳೆದ: ತುದಿಯಲ್ಲಿದ್ದ ಪುಟ್ಟ ಪ್ರಾರ್ಥನಾಮಂದಿರದ ಒಳಗೆ, ಹೊರಗೆ, ಗಾಳಿ ಬೀಸೋ ಕಡೆ, ಮರೆಯಲ್ಲಿ. ಎಲ್ಲ ಕಡೆ ಒಂದೇ ಉತ್ತರ. ಸಂಜೆ ಇಳಿದು ಬಂದು ಸನ್ಯಾಸಿಯನ್ನ ಕೇಳಿದ್ರೆ, ಕೆಳಗಿನ ಕೊಳವೆ ಬೆಳಗಿನಿಂದ ಅಲ್ಲಾಡಿಲ್ಲ.

ಶಾಲೆಯ ಪುಸ್ತಕಗಳಲ್ಲಿ ಬೆಟ್ಟ ಹತ್ತಿದ ಕೊಳವೆಯ ಚಿತ್ರ ಮಾತ್ರ ಇರುತ್ತೆ. ನನ್ನ ಪ್ರಕಾರ ಆ ದಿನದ ಮುಖ್ಯ ಕೆಲಸ ಮಾಡಿದ್ದು ಕೆಳಗೆ ಕೂತ ಸನ್ಯಾಸಿ. ಮೇಲೆ ಪಾದರಸ ಇಳಿಯಿತು ಅಂದ ಮಾತ್ರಕ್ಕೆ ಎತ್ತರ ಗೊತ್ತಾಗೋದಿಲ್ಲ. ಅದೇ ಹೊತ್ತಿಗೆ ಕೆಳಗೆ ಎಷ್ಟಿತ್ತು ಅನ್ನೋದೂ ಬೇಕು. ಎತ್ತರ ಅನ್ನೋದು ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ.

ಪೆರಿಯೆಗೂ ಇದು ಬೇಗ ಅರ್ಥ ಆಯ್ತು. 1649ರಿಂದ 1651ರವರೆಗೆ ಅವನು ಕ್ಲರ್ಮಾಂಟಿನಲ್ಲಿ ಒಂದೇ ಜಾಗದಲ್ಲಿ ಕೊಳವೆ ಇಟ್ಟು ದಾಖಲೆ ಬರೆದ. ಪ್ಯಾರಿಸ್ಸಿನಲ್ಲಿ, ದೂರದ ಸ್ಟಾಕ್‌ಹೋಮಿನಲ್ಲೂ ಹೀಗೇ ನೋಡಿಸಿದರು. ಕೊಳವೆ ಒಂದಿಂಚೂ ಕದಲದೆ ಇದ್ರೂ ಪಾದರಸ ಹವಾಮಾನಕ್ಕೆ ತಕ್ಕ ಹಾಗೆ ಏರಿಳೀತಾ ಇತ್ತು.

ಇದೇ ಸಂಗತಿ ನನ್ನ ಅನುಭವಕ್ಕೂ ಬಂದಿದೆ. ಕೆಲವು ವರ್ಷದ ಹಿಂದೆ ಕುಮಾರಪರ್ವತಕ್ಕೆ ಹೋದಾಗ, ಸಂಜೆ ನಾಲ್ಕರ ಹೊತ್ತಿಗೆ ಭಟ್ಟರ ಮನೆ ಅಂಗಳದಲ್ಲಿ ಕೂತು ವಾಚಿನ ಎತ್ತರ ಸರಿಯಾಗಿ ಸೆಟ್ ಮಾಡಿದ್ದೆ. ಮಾರನೇ ದಿನ ಅಲ್ಲೇ ಉಳಿದಿದ್ವಿ. ಬೆಳಿಗ್ಗೆ ಹತ್ತಕ್ಕೆ ಅದೇ ಜಾಗದಲ್ಲಿ ನೋಡಿದ್ರೆ ಭಟ್ಟರ ಮನೆ ರಾತ್ರೋರಾತ್ರಿ 30 ಮೀಟರ್ ಕೆಳಗೆ ಇಳಿದಿತ್ತು! ವಾಚು ಕೆಟ್ಟಿದೆ ಅಂದ್ಕೊಂಡೆ. ಕೆಟ್ಟಿರಲಿಲ್ಲ. ನಮ್ಮ ಉಷ್ಣವಲಯದ ಊರುಗಳಲ್ಲಿ ಮಳೆ, ಬಿರುಗಾಳಿ ಏನೂ ಇಲ್ಲದಿದ್ರೂ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಸಮುದ್ರದ ಉಬ್ಬರ ಇಳಿತದ ಥರ ಏರಿ ಇಳಿಯುತ್ತೆ. ಬೆಳಿಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ನಡುವೆ ಮೂರ್ನಾಲ್ಕು ಹೆಕ್ಟೊಪಾಸ್ಕಲ್ ವ್ಯತ್ಯಾಸ. ಹೌದು, ಒತ್ತಡದ ಅಳತೆಗೂ ಅದೇ ಪಾಸ್ಕಲ್ ಹೆಸರು. ಎತ್ತರಕ್ಕೆ ತಿರುಗಿಸಿದ್ರೆ ಸುಮಾರು ನೂರು ಅಡಿ.

ಟ್ರೆಕ್ಕಿಂಗಲ್ಲಿ ನೂರು ಅಡಿ ಹೆಚ್ಚುಕಮ್ಮಿ ಆದ್ರೆ ಟೀ ಕುಡೀತಾ ನಗಬಹುದು. ಬೀಳ್ತಾ ಇರುವವನಿಗೆ ಅದು ಅರ್ಧ ಸೆಕೆಂಡಿಗಿಂತ ಜಾಸ್ತಿ. ಅದೂ ಯಾವ ಕಡೆಗೆ ತಪ್ಪು ನೋಡಿ. ಬೆಳಿಗ್ಗೆ ಹತ್ತಕ್ಕೆ ಸೊನ್ನೆ ಮಾಡಿದ ಆಲ್ಟಿಮೀಟರಿನಲ್ಲೇ ಸಂಜೆ ನಾಲ್ಕಕ್ಕೆ ಹಾರಿದ್ರೆ, ಅದು ನಿಜಕ್ಕಿಂತ ನೂರು ಅಡಿ ಮೇಲೆ ಇದ್ದೀಯ ಅಂತ ಸುಳ್ಳು ಹೇಳುತ್ತೆ.

ಪಾದರಸ ಹೋಯ್ತು, ಡಬ್ಬಿ ಬಂತು

1783ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಲ್ಲಿ ಜಾಕ್ ಶಾರ್ಲ್ ಹೈಡ್ರೋಜನ್ ಬಲೂನಿನಲ್ಲಿ ಮೇಲೇರಿದ, ಜೊತೆಗೆ ಬ್ಯಾರೋಮೀಟರ್ ಇಟ್ಟುಕೊಂಡೇ. ಮೊದಲ ಹಾರಾಟ ಮುಗಿಸಿ ಇಳಿದು, ಸಂಜೆ ಒಬ್ಬನೇ ಮತ್ತೆ ಏರಿದ. ಬಲೂನು ಹಗುರವಾಗಿದ್ದಕ್ಕೆ ಸುಮಾರು 3,000 ಮೀಟರಿಗೆ ಚಿಮ್ಮಿತು. ಕೆಳಗೆ ಮುಳುಗಿದ ಸೂರ್ಯ ಮೇಲೆ ಮತ್ತೆ ಕಂಡ. ಒಂದೇ ದಿನ ಎರಡು ಸೂರ್ಯಾಸ್ತ ನೋಡಿದ ಆ ಮನುಷ್ಯ ಕಿವಿನೋವು ತಡೆಯಲಾಗದೆ ಇಳಿದು ಬಂದ. ಮತ್ತೆಂದೂ ಹಾರಲಿಲ್ಲ.

ಗಾಜಿನ ಕೊಳವೆ, ಪಾದರಸ ಹೊತ್ತುಕೊಂಡು ಆಕಾಶಕ್ಕೆ ಹೋಗೋದು ಕಷ್ಟದ ಕೆಲಸ. 1844ರಲ್ಲಿ ಫ್ರಾನ್ಸಿನ ಲೂಸಿಯೆನ್ ವಿಡಿ ಇದಕ್ಕೊಂದು ದಾರಿ ತೋರಿಸಿದ. ತೆಳು ಲೋಹದ ಸಣ್ಣ ಡಬ್ಬಿ, ಒಳಗಿನ ಗಾಳಿ ತೆಗೆದು ಮುಚ್ಚಿದ್ದು. ಹೊರಗೆ ಒತ್ತಡ ಹೆಚ್ಚಾದ್ರೆ ಡಬ್ಬಿ ಕುಗ್ಗುತ್ತೆ, ಕಡಿಮೆಯಾದ್ರೆ ಉಬ್ಬುತ್ತೆ. ಆ ಕೂದಲೆಳೆಯಷ್ಟು ಚಲನೆಯನ್ನ ಸನ್ನೆಗಳ ಮೂಲಕ ಹಿಗ್ಗಿಸಿ ಒಂದು ಮುಳ್ಳಿಗೆ ಜೋಡಿಸಿದ. ಇವತ್ತು ಸ್ಕೈಡೈವರುಗಳು ಕೈಗೆ ಕಟ್ಟಿಕೊಳ್ಳುವ ಮುಳ್ಳಿನ ಆಲ್ಟಿಮೀಟರ್ ಒಳಗಿರೋದು ಅದೇ ಡಬ್ಬಿ. ಡಿಜಿಟಲ್ ವಾಚಿನಲ್ಲಿ ಡಬ್ಬಿಯ ಬದಲು ಅಕ್ಕಿಕಾಳಿನಷ್ಟು ಸೆನ್ಸರ್ ಇರುತ್ತೆ. ಅಳೆಯೋದು ಮಾತ್ರ ಆ ಪಾದರಸ ಅಳೆದದ್ದನ್ನೇ.

ಉಪಕರಣ ಇದ್ರೆ ಸಾಕು, ಬದುಕಿಬಿಡ್ತೀವಿ ಅನ್ನೋರಿಗೆ 1862ರ ಸೆಪ್ಟೆಂಬರ್ 5ರ ಕಥೆ ಹೇಳ್ತೀನಿ. ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಜೇಮ್ಸ್ ಗ್ಲೇಶರ್, ಬಲೂನು ನಡೆಸುವ ಹೆನ್ರಿ ಕಾಕ್ಸ್‌ವೆಲ್ ಇಬ್ಬರೂ ವುಲ್ವರ್‌ಹ್ಯಾಂಪ್ಟನ್‌ನಿಂದ ಮೇಲೇರಿದರು. ಬುಟ್ಟಿ ತುಂಬ ಉಪಕರಣ. ಎವರೆಸ್ಟಿನಷ್ಟು ಎತ್ತರ ಸಮೀಪಿಸಿದಾಗ ಗ್ಲೇಶರ್‌ಗೆ ಮುಂದಿರುವ ಅಂಕಿಗಳೇ ಕಾಣದ ಹಾಗಾಯ್ತು. ಕೈ ಎತ್ತೋಕೆ ಆಗಲಿಲ್ಲ, ಪ್ರಜ್ಞೆ ತಪ್ಪಿತು. ಕಾಕ್ಸ್‌ವೆಲ್‌ನ ಕೈಗಳೂ ಚಳಿಗೆ ಮರಗಟ್ಟಿದ್ದವು. ಅವನು ಅನಿಲ ಬಿಡುವ ಕವಾಟದ ಹಗ್ಗವನ್ನ ಹಲ್ಲಲ್ಲಿ ಕಚ್ಚಿ ಎಳೆದ. ಬಲೂನು ಇಳಿಯಿತು, ಇಬ್ಬರೂ ಬದುಕಿದರು. ಬುಟ್ಟಿಯಲ್ಲಿದ್ದ ಉಪಕರಣಗಳು ಆ ಹೊತ್ತಲ್ಲೂ ಸರಿಯಾಗಿಯೇ ಇದ್ದವು. ನೋಡೋಕೆ ಕಣ್ಣು ಇರಲಿಲ್ಲ ಅಷ್ಟೇ.

ಹಗ್ಗ ಯಾರು ಎಳೀಬೇಕು?

ಪ್ಯಾರಾಚೂಟಿನಲ್ಲಿ ಆಕಾಶದಿಂದ ಇಳಿಯೋದನ್ನ ಜನ 1797ರಲ್ಲೇ ನೋಡಿದ್ದರು. ಪ್ಯಾರಿಸ್ಸಿನಲ್ಲಿ ಗಾರ್ನೆರನ್ ಬಲೂನಿನಿಂದ ಇಳಿದು ತೋರಿಸಿದ್ದ. ಆದ್ರೆ ಆಗ ಎತ್ತರ ನೋಡ್ಕೊಂಡು ತೆರೆಯುವ ಪ್ರಶ್ನೆ ಇರಲಿಲ್ಲ. ಆಮೇಲೆ ವಿಮಾನ ಬಂದ ಮೇಲೂ ಪ್ಯಾರಾಚೂಟನ್ನ ಹಗ್ಗದಿಂದ ವಿಮಾನಕ್ಕೆ ಕಟ್ಟಿರ್ತಿದ್ರು. ಹಾರಿದ ತಕ್ಷಣ ಹಗ್ಗ ಬಿಗಿದು ಅದೇ ತೆರೆಸುತ್ತೆ. ಮನುಷ್ಯ ಆಕಾಶದಿಂದ ಸುಮ್ಮನೆ ಬಿದ್ರೆ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತೆ, ಅವನ ಕೈಗೆ ಆ ಕೆಲಸ ಕೊಡೋಕೆ ಆಗಲ್ಲ ಅನ್ನೋದು ಆಗಿನ ಬಹಳ ಜನರ ನಂಬಿಕೆ.

1919ರ ಏಪ್ರಿಲ್ 28ರಂದು ಅಮೆರಿಕದ ಓಹಾಯೋದ ಮೆಕ್‌ಕುಕ್ ಫೀಲ್ಡಿನಲ್ಲಿ ಲೆಸ್ಲಿ ಅರ್ವಿನ್ ಆ ನಂಬಿಕೆಯನ್ನ ಮುರಿದ. ವಿಮಾನದಿಂದ ಹಾರಿದ, ಬೀಳ್ತಾ ಬೀಳ್ತಾ ತಾನೇ ಹಿಡಿ ಎಳೆದ, ಪ್ಯಾರಾಚೂಟ್ ಬಿಚ್ಚಿಕೊಂಡಿತು. ನೆಲ ಮುಟ್ಟುವಾಗ ಕಣಕಾಲು ಮುರಿಯಿತು, ಅದು ಬೇರೆ ಮಾತು. ಪ್ರಜ್ಞೆ ಮಾತ್ರ ಪೂರ್ತಿ ಇತ್ತು.

ಅವತ್ತಿನಿಂದ "ಯಾವಾಗ ಎಳೀಬೇಕು" ಅನ್ನೋ ಪ್ರಶ್ನೆ ಬೀಳುವವನ ಹೆಗಲಿಗೆ ಬಂತು. ನಮ್ಮಲ್ಲೂ ಈ ಎರಡೂ ಥರದ ಜಿಗಿತ ಇದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, ಜಿಗಿತ ಕಲಿಸೋದು ವಾಯುಪಡೆಯ ಆಗ್ರಾದ ಶಾಲೆಯಲ್ಲಿ. ಅಲ್ಲಿ ಹೊಸಬರ ಪ್ಯಾರಾಚೂಟನ್ನ ವಿಮಾನಕ್ಕೆ ಕಟ್ಟಿದ ಪಟ್ಟಿಯೇ ತೆರೆಸುತ್ತೆ. ಫ್ರೀಫಾಲ್ ಮಾಡುವವರಿಗೆ ಮಾತ್ರ ಎತ್ತರದ ಲೆಕ್ಕ ತಮ್ಮದೇ.

ವಿಮಾನದ ಆಲ್ಟಿಮೀಟರೂ ಅದೇ ಕಾಲಕ್ಕೆ ಸುಧಾರಿಸ್ತಾ ಬಂತು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಪಾಲ್ ಕೋಲ್ಸ್‌ಮನ್ 1928ರಲ್ಲಿ ಬಹಳ ಸೂಕ್ಷ್ಮವಾದ ಆಲ್ಟಿಮೀಟರ್ ಮಾಡಿದ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಪೂರ್ತಿ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ, ಹೊರಗೇನೂ ಕಾಣದೆ, ಉಪಕರಣಗಳನ್ನಷ್ಟೇ ನೋಡ್ತಾ ವಿಮಾನ ಏರಿಸಿ, ಸುತ್ತಿಸಿ, ಇಳಿಸಿದ. ಆ ವಿಮಾನದಲ್ಲಿದ್ದದ್ದು ಕೋಲ್ಸ್‌ಮನ್‌ನ ಆಲ್ಟಿಮೀಟರ್. ಅಂಥ ಆಲ್ಟಿಮೀಟರುಗಳ ಮುಖದಲ್ಲಿ ಒಂದು ಸಣ್ಣ ಕಿಟಕಿ ಇರುತ್ತೆ. ಕೆಳಗಿನ ವಿಮಾನ ನಿಲ್ದಾಣದವರು ರೇಡಿಯೋದಲ್ಲಿ ಅಲ್ಲಿನ ಒತ್ತಡ ಹೇಳ್ತಾರೆ, ಪೈಲಟ್ ಗುಂಡಿ ತಿರುಗಿಸಿ ಆ ಅಂಕಿಯನ್ನ ಕಿಟಕಿಯಲ್ಲಿ ಕೂರಿಸ್ತಾನೆ. ಇವತ್ತಿಗೂ ಪ್ರತಿ ವಿಮಾನ ಇಳಿಯುವ ಮುಂಚೆ ಇದು ನಡೆಯುತ್ತೆ. ಕ್ಲರ್ಮಾಂಟಿನ ಮಠದ ಸನ್ಯಾಸಿ ಮಾಡಿದ ಕೆಲಸವನ್ನೇ ಈಗ ಕಂಟ್ರೋಲ್ ಟವರ್ ಮಾಡ್ತಾ ಇದೆ.

ಆದ್ರೆ ಸ್ಕೈಡೈವರ್ ಬೀಳುವಾಗ ರೇಡಿಯೋದಲ್ಲಿ ಯಾರೂ ಒತ್ತಡ ಹೇಳಲ್ಲ. ಹೊರಡುವ ಮುಂಚೆ ನೆಲದ ಮೇಲೆ ನಿಂತು ಮುಳ್ಳನ್ನ ಸೊನ್ನೆಗೆ ತಂದಿರ್ತಾನಲ್ಲ, ಆ ಸೊನ್ನೆಯೇ ಅವನ ಸನ್ಯಾಸಿ.

ಹೊಟ್ಟೆಯಿಂದ ಮಣಿಕಟ್ಟಿಗೆ, ಮಣಿಕಟ್ಟಿಂದ ಕಿವಿಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಿಗಿತ ಒಂದು ಕ್ರೀಡೆಯಾಗಿ ಬೆಳೆಯಿತು. 1950, 60ರ ದಶಕದ ಫೋಟೋ ನೋಡಿದ್ರೆ ಜಿಗಿಯುವವರ ಹೊಟ್ಟೆಯ ಮೇಲೆ ರಿಸರ್ವ್ ಪ್ಯಾರಾಚೂಟಿನ ಚೀಲ, ಅದರ ಮೇಲೊಂದು ಚಿಕ್ಕ ಫಲಕ, ಫಲಕದಲ್ಲಿ ಒಂದು ಸ್ಟಾಪ್‌ವಾಚು, ಒಂದು ಆಲ್ಟಿಮೀಟರು ಕಾಣುತ್ತೆ. ಅದಕ್ಕೂ ಮುಂಚೆ ಎಷ್ಟೋ ಜನ ಬಾಯಲ್ಲೇ ಸೆಕೆಂಡ್ ಎಣಿಸ್ತಿದ್ರು.

ಎಣಿಕೆಯಲ್ಲಿ ಒಂದು ತೊಂದರೆ ಇದೆ. ಸ್ಟಾಪ್‌ವಾಚಿಗೆ ಗೊತ್ತಿರೋದು ಎಷ್ಟು ಹೊತ್ತಾಯ್ತು ಅನ್ನೋದು ಮಾತ್ರ. ಪೈಲಟ್ ನಿಜವಾಗಿ ಎಷ್ಟು ಎತ್ತರದಲ್ಲಿ ಬಿಟ್ಟ, ನೀನು ಮೈ ಹರಡಿ ಬೀಳ್ತಾ ಇದ್ದೀಯೋ ತಲೆಕೆಳಗಾಗಿ ಜೋರಾಗಿ ಬೀಳ್ತಾ ಇದ್ದೀಯೋ, ಅದಕ್ಕೆ ಗೊತ್ತಿಲ್ಲ. ಜೊತೆಗೆ ಭಯದಲ್ಲಿ ಮನಸ್ಸಿನ ಎಣಿಕೆ ತಪ್ಪುತ್ತೆ. ನಾನು ಒಂದೇ ಒಂದು ಸಲ ಹಾರಿದ್ದೀನಿ, ಅದೂ ಇನ್‌ಸ್ಟ್ರಕ್ಟರ್ ಎದೆಗೆ ಕಟ್ಟಿಸಿಕೊಂಡು, ಟ್ಯಾಂಡಮ್. ಸುಮಾರು ಐವತ್ತು ಸೆಕೆಂಡ್ ಬಿದ್ವಿ ಅಂತ ಆಮೇಲೆ ಹೇಳಿದ್ರು. ನನ್ನ ಲೆಕ್ಕದಲ್ಲಿ ಹದಿನೈದು ಕೂಡ ಆಗಿರಲಿಲ್ಲ. ನಡುವೆ ಅವರು ಕೈ ಮುಂದೆ ಚಾಚಿ ಆಲ್ಟಿಮೀಟರ್ ತೋರಿಸಿದ್ರಂತೆ. ವಿಡಿಯೋದಲ್ಲಿ ನಾನು ಅದರ ಕಡೆ ತಿರುಗಿರೋದು ಕಾಣ್ಸುತ್ತೆ. ಮುಳ್ಳು ಎಲ್ಲಿತ್ತು ಅಂತ ಕೇಳಿದ್ರೆ ಇವತ್ತಿಗೂ ನೆನಪಿಲ್ಲ. ನೋಡಿದ್ದೆ, ಓದಿರಲಿಲ್ಲ.

ಮುಂದೆ ರಿಸರ್ವ್ ಪ್ಯಾರಾಚೂಟ್ ಹೊಟ್ಟೆಯಿಂದ ಬೆನ್ನಿಗೆ ಹೋಯ್ತು. ಫಲಕಕ್ಕೆ ಜಾಗ ಇಲ್ಲದೆ ಆಲ್ಟಿಮೀಟರ್ ಎದೆಪಟ್ಟಿಗೆ, ಮಣಿಕಟ್ಟಿಗೆ ಬಂತು. ಆಮೇಲೆ ಡೆನ್ಮಾರ್ಕಿನ ಲಾರ್ಸನ್ ಅಂಡ್ ಬ್ರೂಸ್‌ಗಾರ್ಡ್‌ನಂಥ ಕಂಪನಿಗಳು ಹೆಲ್ಮೆಟ್ಟಿನೊಳಗೆ ಕಿವಿ ಹತ್ತಿರ ಕೂರುವ, ಇಂತಿಷ್ಟು ಎತ್ತರಕ್ಕೆ ಬಂದಾಗ ಜೋರಾಗಿ ಕೂಗುವ ಪುಟ್ಟ ಆಲ್ಟಿಮೀಟರ್ ಮಾಡಿದವು.

ಇನ್ನೊಂದು ದಾರಿಯಲ್ಲಿ, ಮನುಷ್ಯನಿಗೆ ಪ್ರಜ್ಞೆಯೇ ಇಲ್ಲದಿದ್ರೆ ಏನು ಅನ್ನೋ ಪ್ರಶ್ನೆಗೂ ಉತ್ತರ ಹುಡುಕ್ತಾ ಇದ್ರು. 1959ರ ನವೆಂಬರ್ 16ರಂದು ಅಮೆರಿಕ ವಾಯುಪಡೆಯ ಜೋಸೆಫ್ ಕಿಟಿಂಜರ್ ಬಲೂನಿನಿಂದ ಹಾರಿದಾಗ ಸಮತೋಲನಕ್ಕೆ ಇಟ್ಟಿದ್ದ ಚಿಕ್ಕ ಪ್ಯಾರಾಚೂಟ್ ಬೇಗ ಹೊರಬಂದು ಅವರ ಕುತ್ತಿಗೆಗೆ ಸುತ್ತಿಕೊಂಡಿತು. ಮೈ ನಿಮಿಷಕ್ಕೆ 120 ಸುತ್ತು ಬುಗುರಿ ಥರ ತಿರುಗಿತು, ಪ್ರಜ್ಞೆ ಹೋಯ್ತು. ಬದುಕಿಸಿದ್ದು ತಾನಾಗಿ ತೆರೆಯುವ ವ್ಯವಸ್ಥೆ. ಮರುವರ್ಷ, 1960ರ ಆಗಸ್ಟ್ 16ರಂದು ಅದೇ ಕಿಟಿಂಜರ್ 1,02,800 ಅಡಿಯಿಂದ ಹಾರಿದರು. ಆ ದಾಖಲೆ ಮುರಿಯೋಕೆ 2012ರವರೆಗೂ ಕಾಯಬೇಕಾಯ್ತು.

ಕ್ರೀಡಾ ಜಿಗಿತಕ್ಕೆ ಹೊಂದುವ ಅಂಥ ಯಂತ್ರ ಜರ್ಮನಿಯಿಂದ ಬಂತು. ಗೆಳೆಯನೊಬ್ಬ ಜಿಗಿತದಲ್ಲಿ ಸತ್ತ ನೋವಿನಲ್ಲಿ ಹೆಲ್ಮುಟ್ ಕ್ಲೋತ್ ಈ ಕೆಲಸಕ್ಕೆ ಕೈಹಾಕಿದರು. 1991ರಲ್ಲಿ ಸೈಪ್ರೆಸ್ ಅನ್ನೋ ಉಪಕರಣ ಮಾರುಕಟ್ಟೆಗೆ ಬಂತು. ಅನುಭವಿಗಳ ಮಾದರಿಯಲ್ಲಿ ಅದರ ಲೆಕ್ಕ ಹೀಗೆ: 225 ಮೀಟರ್ ಎತ್ತರಕ್ಕೆ ಬಂದ ಮೇಲೂ ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳ್ತಾ ಇದ್ರೆ, ಈ ಮನುಷ್ಯ ತಾನಾಗಿ ತೆರೆಯಲ್ಲ ಅಂತ ತೀರ್ಮಾನಿಸಿ ರಿಸರ್ವ್ ಚೀಲದ ದಾರ ಕತ್ತರಿಸುತ್ತೆ. ಎಷ್ಟೋ ಜೀವ ಉಳಿದಿವೆ. ಆದ್ರೆ ಆ ಎತ್ತರದಲ್ಲಿ ನೆಲಕ್ಕೆ ನಾಲ್ಕು ಸೆಕೆಂಡ್ ದೂರ ಇರ್ತೀರಿ ಅನ್ನೋದನ್ನ ಮರೀಬೇಡಿ. ಅದು ಕಟ್ಟಕಡೆಯ ಆಸರೆ. ಅದನ್ನ ನಂಬಿಕೊಂಡು ಹಾರೋದು, ಸೀಟ್ ಬೆಲ್ಟ್ ಇದೆ ಅಂತ ಬ್ರೇಕ್ ಒತ್ತದೆ ಕಾರು ಓಡಿಸಿದ ಹಾಗೆ.

ಹಾಗಾದ್ರೆ ಯಾವ ವಾಚು?

ಈಗ ನಮ್ಮ ಕೇಳುಗನ ಪ್ರಶ್ನೆಗೆ ಬರೋಣ.

ಟ್ರೆಕ್ಕಿಂಗ್ ವಾಚು ಯಾಕೆ ಬೇಡ? ಅದು ಮಾಡಿರೋದೇ ನಿಧಾನವಾಗಿ ಏರುವವರಿಗೆ. ಬ್ಯಾಟರಿ ಉಳಿಸೋಕೆ ಕೆಲವು ವಾಚು ಐದು ಸೆಕೆಂಡಿಗೊಮ್ಮೆ ಅಳೆಯುತ್ತೆ, ಕೆಲವು ಅದಕ್ಕಿಂತ ತಡವಾಗಿ. ಐದು ಸೆಕೆಂಡಲ್ಲಿ ನೀವು ಬೀಳೋದು 850 ಅಡಿ. ಅಂದ್ರೆ ಪರದೆ ಮೇಲೆ 3,500 ಅಂತ ಕಾಣ್ತಾ ಇದ್ರೆ ನೀವು ಆಗಲೇ 2,650ರಲ್ಲಿ ಇರಬಹುದು. ಇನ್ನು ಕೆಲವು ವಾಚು ಒತ್ತಡ ಬದಲಾದಾಗ "ಇವನು ಹತ್ತಿದ್ನಾ, ಇಲ್ಲಾ ಹವೆ ಬದಲಾಯ್ತಾ" ಅಂತ ತಾನೇ ಊಹೆ ಮಾಡಿ ಅಂಕಿ ತಿದ್ದುತ್ತೆ. ಅಂಕಿಗಳೂ ಸಣ್ಣವು. ಗಂಟೆಗೆ 190 ಕಿಲೋಮೀಟರ್ ಗಾಳಿಯಲ್ಲಿ, ಕನ್ನಡಕದೊಳಗಿಂದ, ಅಲುಗಾಡುವ ಕೈಯ ಮೇಲೆ ಅದನ್ನ ಓದಬೇಕು.

"ನನ್ನದು ಸ್ಮಾರ್ಟ್‌ವಾಚು, ಜಂಪ್ ಮೋಡೇ ಇದೆ" ಅಂತೀರಾ? ಗಾರ್ಮಿನ್‌ನ ಕೆಲವು ವಾಚುಗಳಲ್ಲಿ ಜಂಪ್‌ಮಾಸ್ಟರ್ ಅನ್ನೋ ಸೌಲಭ್ಯ ನಿಜಕ್ಕೂ ಇದೆ. ಅದರ ಕೈಪಿಡಿ ತೆಗೆದು ಓದಿ. ಇದು ಅನುಭವಿ ಸ್ಕೈಡೈವರುಗಳಿಗೆ ಮಾತ್ರ, ಇದನ್ನ ಮುಖ್ಯ ಆಲ್ಟಿಮೀಟರ್ ಆಗಿ ಬಳಸಬೇಡಿ ಅಂತ ಕಂಪನಿಯೇ ಎಚ್ಚರಿಸಿದೆ. ಮಾಡಿದವರೇ ಬೇಡ ಅಂದ ಮೇಲೆ ನಾನೇನು ಹೇಳಲಿ?

ಜಿಗಿತಕ್ಕೆಂದೇ ಮಾಡಿದ್ದರಲ್ಲಿ ಎರಡು ಜಾತಿ. ಒಂದು ಮುಳ್ಳಿನದು. ಅಗಲ ಮುಖ, ದಪ್ಪ ಮುಳ್ಳು, ಕೆಳಗಿನ ಎತ್ತರಗಳಿಗೆ ಹಳದಿ, ಕೆಂಪು ಬಣ್ಣ. ಅಂಕಿ ಓದಬೇಕಾಗಿಲ್ಲ, ಮುಳ್ಳು ಕೆಂಪಿನ ಹತ್ತಿರ ಬಂತಾ ಅಂತ ಒಂದು ಕ್ಷಣ ಕಣ್ಣು ಹಾಯಿಸಿದ್ರೆ ಸಾಕು. ಬ್ಯಾಟರಿಯ ಗೊಡವೆ ಇಲ್ಲ. ಎರಡನೆಯದು ಡಿಜಿಟಲ್. ದೊಡ್ಡ ಅಂಕಿ, ಪ್ರತಿ ಜಿಗಿತದ ದಾಖಲೆ, ಪ್ಯಾರಾಚೂಟ್ ತೆರೆದ ಮೇಲೆ ಇಳಿಯುವ ದಾರಿ ಲೆಕ್ಕ ಹಾಕೋಕೆ ಹೆಚ್ಚು ನಿಖರ. ಆದ್ರೆ "4,870" ಅನ್ನೋದನ್ನ ಓದಿ ಅರ್ಥ ಮಾಡಿಕೊಳ್ಳೋಕೆ ತಲೆಗೆ ಒಂದು ಗಳಿಗೆ ಬೇಕು. ಹೊಸಬರಿಗೆ ಮುಳ್ಳಿನದು ಸುಲಭ ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಇನ್‌ಸ್ಟ್ರಕ್ಟರ್ ಬೇರೆ ಹೇಳಿದ್ರೆ ಅವರ ಮಾತೇ ಕೇಳಿ. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಲ್ಲಿ ವಿದ್ಯಾರ್ಥಿಗೆ ಕಣ್ಣಿಗೆ ಕಾಣುವ ಆಲ್ಟಿಮೀಟರ್ ಕಡ್ಡಾಯ, ಪ್ಯಾರಾಚೂಟ್ ತೆರೆಯೋಕೆ 3,000 ಅಡಿಗಿಂತ ಕೆಳಗೆ ಹೋಗೋ ಹಾಗಿಲ್ಲ. ಹೆಲ್ಮೆಟ್ಟಿನೊಳಗೆ ಕೂಗುವ ಆಲ್ಟಿಮೀಟರ್ ಒಳ್ಳೆಯದೇ, ಆದ್ರೆ ಕಣ್ಣಿಂದ ನೋಡೋದರ ಜೊತೆಗೆ, ಅದರ ಬದಲಿಗೆ ಅಲ್ಲ. ಕೊಳ್ಳೋಕೆ ಆತುರ ಬೇಡ. ಮೊದಲು ಶಾಲೆ ಕೊಡೋದನ್ನೇ ಕಟ್ಟಿಕೊಂಡು ಕಲಿಯಿರಿ, ನಿಮ್ಮ ಕಣ್ಣಿಗೆ ಯಾವುದು ಹಿಡಿಸುತ್ತೆ ಅಂತ ಗೊತ್ತಾಗಲಿ.

ಯಾವುದೇ ತಗೊಳ್ಳಿ, ಮೂರು ವಿಷಯ ಮರೀಬೇಡಿ.

ಒಂದು, ಸೊನ್ನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಮೈಸೂರು ಸುಮಾರು 2,500. ಟ್ರೆಕ್ಕಿಂಗ್ ವಾಚು ತೋರಿಸೋದು ಸಮುದ್ರಮಟ್ಟದಿಂದ ಲೆಕ್ಕ. ಅದನ್ನ ನಂಬಿಕೊಂಡು "3,000ಕ್ಕೆ ತೆರೀತೀನಿ" ಅಂತ ಬೆಂಗಳೂರಿನ ಮೇಲೆ ಹಾರಿದವನಿಗೆ 3,000 ಕಾಣೋದು ನೆಲ ಮುಟ್ಟಿದಾಗ. ಹಾಗಾಗಿ ಇಳಿಯುವ ಜಾಗದ ಎತ್ತರವೇ ಸೊನ್ನೆ ಆಗಬೇಕು. ವಿಮಾನ ಏರುವ ಜಾಗ ಬೇರೆ, ಇಳಿಯುವ ಜಾಗ ಬೇರೆ ಎತ್ತರದಲ್ಲಿದ್ರೆ ಆ ವ್ಯತ್ಯಾಸ ಸೇರಿಸಿ ಹೊಂದಿಸಬೇಕು. ಪ್ರತಿ ಜಿಗಿತಕ್ಕೂ ಮುಂಚೆ ಹೊಸದಾಗಿ ನೋಡಿ. ಬೆಳಗಿನ ಸೊನ್ನೆ ಸಂಜೆಗೆ ಹಳಸಿರುತ್ತೆ, ಭಟ್ಟರ ಮನೆ ನೆನಪಿರಲಿ.

ಎರಡು, ಕೈ ಇರುವ ಜಾಗ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಗಾಳಿ ಮುಂದಿನಿಂದ ಅಪ್ಪಳಿಸುತ್ತೆ, ಬೆನ್ನ ಹಿಂದೆ ಒತ್ತಡ ಕಡಿಮೆ ಇರುತ್ತೆ. ಆ ಮರೆಗೆ ಆಲ್ಟಿಮೀಟರ್ ಹೋದ್ರೆ ನಿಜಕ್ಕಿಂತ ನೂರಾರು ಅಡಿ ಮೇಲೆ ತೋರಿಸಬಹುದು. ಮಗುಚಿ ಬೀಳುವವರು, ಉರುಳುವವರು ಇದನ್ನ ಚೆನ್ನಾಗಿ ತಿಳಿದಿರಬೇಕು.

ಮೂರು, ನೋಡುವ ಅಭ್ಯಾಸ. ಕಲಿಸುವವರು ಮೊದಲ ದಿನದಿಂದ ಹೇಳ್ಕೊಡೋದು ಇದನ್ನೇ: ಮುಂದೆ ನೋಡು, ಎತ್ತರ ನೋಡು, ಇನ್‌ಸ್ಟ್ರಕ್ಟರನ್ನ ನೋಡು, ಮತ್ತೆ ಎತ್ತರ ನೋಡು. ನೋಡಿದ್ದನ್ನ ಬಾಯಿಬಿಟ್ಟು ಕೂಗಿ ಹೇಳು ಅಂತಾರೆ. ನನ್ನಂಥವರು ನೋಡಿಯೂ ಓದದೆ ಇರ್ತಾರೆ ಅಂತ ಅವರಿಗೆ ಗೊತ್ತು.

ತಮ್ಮಾ, ಈಗ ನಿನಗೆ ಉತ್ತರ ಸಿಕ್ಕಿರಬೇಕು. ನಿನ್ನ ಟ್ರೆಕ್ಕಿಂಗ್ ವಾಚನ್ನ ಮನೆಯಲ್ಲಿಟ್ಟು ಹೋಗು, ಕುಮಾರಪರ್ವತಕ್ಕೆ ಕಟ್ಕೊಂಡು ಹೋಗು. ಮೊದಲ ದಿನ ಕೈಗೆ ಆಲ್ಟಿಮೀಟರ್ ಕಟ್ಟಿದಾಗ "ಇದನ್ನ ಯಾವಾಗ, ಎಲ್ಲಿ ಸೊನ್ನೆ ಮಾಡಿದ್ರಿ?" ಅಂತ ಇನ್‌ಸ್ಟ್ರಕ್ಟರನ್ನ ಕೇಳು. ಒಳ್ಳೆಯ ಇನ್‌ಸ್ಟ್ರಕ್ಟರ್ ಆ ಪ್ರಶ್ನೆ ಕೇಳಿ ಖುಷಿಪಡ್ತಾರೆ. ವಾಚಿಗೆ ನೆಲ ಕಾಣಿಸಲ್ಲ, ಗಾಳಿಯ ಭಾರ ಮಾತ್ರ ಗೊತ್ತು. ನೆಲ ಎಲ್ಲಿದೆ ಅಂತ ಅದಕ್ಕೆ ಹೇಳಿಕೊಡಬೇಕಾದವರು ಹೊರಡುವ ಮುಂಚೆ ನೆಲದ ಮೇಲೆ ನಿಂತಿರುವ ನಾವೇ.

ಹಾರಿ ಬಂದ ಮೇಲೆ ಮೆಸೇಜ್ ಹಾಕು. ಮುಳ್ಳು ಎಲ್ಲಿತ್ತು ಅಂತ ನಿನಗಾದ್ರೂ ನೆನಪಿದ್ರೆ ಮುಂದಿನ ಸಂಚಿಕೆಯಲ್ಲಿ ಓದ್ತೀನಿ.